ಓಡಿಸುವ ಮೊದಲು ನಿಲ್ಲಿಸಲು ಕಲಿಯಿರಿ!

(ಬಡಾವಣೆಯ ತರುಣರ ಭಾನುವಾರದ ಕೂಟದಲ್ಲಿ ಮುದ್ರಣಾಲಯದ ಮಾಲೀಕರೊಬ್ಬರು ಮಾಡಿದ ಭಾಷಣದ ಪೂರ್ಣಪಾಠ)



ನಾನು ಭಾಷಣಕಾರನಲ್ಲ. ಬೇರೆಯವರ ಭಾಷಣಗಳನ್ನು ಅಚ್ಚು ಹಾಕಿ ಅಭ್ಯಾಸವೇ ಹೊರತು, ಮೈಕಿನ ಮುಂದೆ ನಿಂತು ಅಭ್ಯಾಸವಿಲ್ಲ. ಓದಿದ್ದು ಪಿಯುಸಿ. ಅದಾದ ಮೇಲೆ ಚಾಮರಾಜಪೇಟೆಯ ಒಂದು ಗಲ್ಲಿಯ ಪ್ರೆಸ್ಸಿನಲ್ಲಿ ಕಾಗದ ಎತ್ತಿಕೊಡುವ ಹುಡುಗನಾಗಿ ಸೇರಿದೆ. ಈಗ ನನ್ನದೇ ಒಂದು ಸಣ್ಣ ಪ್ರೆಸ್ಸಿದೆ. ಕೈಗೆ ಮಸಿ, ಕಿವಿಗೆ ಮಷೀನಿನ ಸದ್ದು, ಇಷ್ಟೇ ನನ್ನ ವಿದ್ಯೆ.

ನಿಮ್ಮ ಕಾರ್ಯದರ್ಶಿಗಳು ಬಂದು, "ಅಣ್ಣಾ, ನೀವು ನಿಮ್ಮ ಮಗಳಿಗೆ ಬ್ಯಾಟರಿ ಕಾರು ಮಾಡಿಕೊಟ್ಟಿದ್ದೀರಂತಲ್ಲ, ಅದನ್ನೇ ನಮ್ಮ ಹುಡುಗರಿಗೆ ಹೇಳಿ" ಎಂದರು. ನಾನು ನಕ್ಕುಬಿಟ್ಟೆ. ಸಭೆ ಸೇರಿಸಿ ಹೇಳುವಂಥ ವಿಷಯವೇ ಇದು? ಆಮೇಲೆ ಯೋಚಿಸಿದೆ. ಹೇಳಬೇಕು. ಯಾಕೆಂದರೆ ಆ ಕಾರು ನಾನು ಮಾಡಿದ ಎರಡನೆಯ ಕಾರು. ಮೊದಲನೆಯದು ನನ್ನ ನಾಲ್ಕು ವರ್ಷದ ಮಗುವನ್ನು ಕೂರಿಸಿಕೊಂಡೇ ಹೊಗೆಯೆದ್ದಿತು. ಎರಡನೆಯದರ ಜಂಬ ಕೊಚ್ಚುವ ಮೊದಲು ಮೊದಲನೆಯದರ ನಾಚಿಕೆಯನ್ನು ಹೇಳಿಬಿಡುತ್ತೇನೆ. ಅದರಿಂದ ನಿಮ್ಮಲ್ಲಿ ಒಬ್ಬರ ಮನೆಯ ಮಗು ಉಳಿದರೂ ಈ ಭಾನುವಾರ ಸಾರ್ಥಕ.

ಅಂಗಡಿಯ ಕಾರು, ಅಪ್ಪನ ಕಾರು

ಮಗಳು ಒಂದು ಮಾಲಿನಲ್ಲಿ ಬ್ಯಾಟರಿ ಕಾರು ನೋಡಿದಳು. ಕೆಂಪು ಬಣ್ಣ, ಮಿನುಗುವ ದೀಪ. ಹತ್ತು ನಿಮಿಷ ಕೂರಿಸಿ ಸುತ್ತಾಡಿಸಿದರು. ಇಳಿಯುವುದಿಲ್ಲವೆಂದು ಅಳು. ಬೆಲೆ ಕೇಳಿದೆ. ಹದಿನಾಲ್ಕು ಸಾವಿರ! ಆ ತಿಂಗಳು ಪ್ರೆಸ್ಸಿನಲ್ಲಿ ಮದುವೆ ಕಾರ್ಡಿನ ಕೆಲಸವೂ ಇರಲಿಲ್ಲ. ಮನೆಗೆ ಬರುವಾಗ ಬಸ್ಸಿನಲ್ಲಿ ಮಗಳು, "ಅಪ್ಪ, ನೀನು ಮಷೀನ್ ರಿಪೇರಿ ಮಾಡ್ತೀಯಲ್ಲ, ಕಾರ್ ಮಾಡಕ್ಕೆ ಬರಲ್ವಾ?" ಅಂದಳು. ಗೆಳೆಯರೇ, ಹೆತ್ತ ತಂದೆಗೆ ಇದಕ್ಕಿಂತ ದೊಡ್ಡ ಸವಾಲು ಯಾವುದಿದೆ?

ಮಗುವಿಗೆ ಕಾರು ಮಾಡಿದ ಮೊದಲ ಅಪ್ಪ ನಾನಲ್ಲ. ಫ್ರಾನ್ಸಿನಲ್ಲಿ ಬುಗಾಟಿ ಎಂಬ ಓಟದ ಕಾರಿನ ಕಂಪನಿ. ಅದರ ಯಜಮಾನ ಎತ್ತೋರೆ ಬುಗಾಟಿ 1926ರಲ್ಲಿ ತನ್ನ ಕಿರಿಯ ಮಗ ರೋಲಾಂಡನಿಗಾಗಿ, ದೊಡ್ಡ ಮಗನ ಜೊತೆ ಸೇರಿ, ತನ್ನದೇ ಓಟದ ಕಾರಿನ ಅರ್ಧ ಅಳತೆಯ ಒಂದು ಬ್ಯಾಟರಿ ಕಾರು ಮಾಡಿದ. ಮಗ ಆಗ ನಾಲ್ಕು ವರ್ಷದವನು. ಬಂದ ಗಿರಾಕಿಗಳೆಲ್ಲ ನಮಗೂ ಬೇಕೆಂದರು. ಮುಂದಿನ ವರ್ಷಗಳಲ್ಲಿ ಅಂಥ ಸುಮಾರು 500 ಕಾರುಗಳು ಮಾರಾಟವಾದವು. ಅದರಲ್ಲಿದ್ದದ್ದೂ 12 ವೋಲ್ಟಿನ ಬ್ಯಾಟರಿಯೇ. ನಾನು ಹಾಕಿದ್ದೂ 12 ವೋಲ್ಟಿನದೇ. ಅಷ್ಟರ ಮಟ್ಟಿಗೆ ಬುಗಾಟಿಯೂ ನಾನೂ ಒಂದೇ ಜಾತಿ!

ಅಷ್ಟು ದೂರವೇಕೆ, ನಮ್ಮ ಬೆಂಗಳೂರಿನಲ್ಲೇ 2001ರಲ್ಲಿ ರೇವಾ ಎಂಬ ಪುಟ್ಟ ವಿದ್ಯುತ್ ಕಾರು ತಯಾರಾಗಿ ರಸ್ತೆಗಿಳಿಯಿತು. ನಿಮ್ಮಲ್ಲಿ ಹಲವರು ಆಗ ಹುಟ್ಟಿರಲಿಕ್ಕಿಲ್ಲ. ಲಂಡನ್ನಿನ ಬೀದಿಗಳಲ್ಲೂ ಅದು ಓಡಿತು, ಅಲ್ಲಿ ಅದರ ಹೆಸರು ಜಿ-ವಿಜ್. ಆರು ವೋಲ್ಟಿನ ಎಂಟು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 48 ವೋಲ್ಟ್ ಮಾಡಿದ್ದರು. ಆ ಕಾರು ಈಗ ತಯಾರಾಗುತ್ತಿಲ್ಲ. ಆದರೆ ಅದರೊಳಗಿದ್ದ ಸೀಸದ ಬ್ಯಾಟರಿ, ಮೋಟಾರು, ಸ್ವಿಚ್ಚು, ಫ್ಯೂಸು, ಇವೆಲ್ಲ ನಮ್ಮ ಎಸ್.ಪಿ. ರಸ್ತೆಯಲ್ಲಿ, ಜೆ.ಸಿ. ರಸ್ತೆಯಲ್ಲಿ, ಗುಜರಿ ಅಂಗಡಿಗಳಲ್ಲಿ ಸಣ್ಣ ಅಳತೆಯಲ್ಲಿ ಸಿಗುತ್ತವೆ. ಬೇಕಾದ್ದು ಅರಿವು, ಬೇಕಾದ್ದು ತಾಳ್ಮೆ. ನನ್ನಲ್ಲಿ ಮೊದಲನೆಯದು ಅರ್ಧ ಇತ್ತು. ಎರಡನೆಯದು ಇರಲೇ ಇಲ್ಲ!

ಹೊಗೆಯೆದ್ದ ಭಾನುವಾರ

ಮೊದಲ ಕಾರನ್ನು ಎರಡೇ ವಾರದಲ್ಲಿ ಮುಗಿಸಿದೆ. ಕಬ್ಬಿಣದ ಆಂಗಲ್ ಬೆಸೆದು ಚೌಕಟ್ಟು. ಗುಜರಿಯಿಂದ ಕಾರಿನ ಗಾಜು ಒರೆಸುವ ವೈಪರ್ ಮೋಟಾರು. ಹಳೆಯ ಯುಪಿಎಸ್‌ನಿಂದ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ. ತಂತಿ? ಮನೆಯಲ್ಲಿ ಕಾಲಿಂಗ್ ಬೆಲ್ಲಿಗೆ ಎಳೆದು ಉಳಿದಿದ್ದ ತೆಳ್ಳನೆಯ ತಂತಿ. ಫ್ಯೂಸ್? "ಬರೀ ಹನ್ನೆರಡು ವೋಲ್ಟಲ್ಲವೇ, ಮುಟ್ಟಿದರೂ ಶಾಕ್ ಹೊಡೆಯಲ್ಲ, ಫ್ಯೂಸ್ ಯಾಕೆ?" ಎಂದುಕೊಂಡೆ.

ಪ್ರೆಸ್ಸಿನ ಹಿಂದಿನ ಅಂಗಳದಲ್ಲಿ ಮಗಳನ್ನು ಕೂರಿಸಿದೆ. ಕಾರು ಹೊರಟಿತು. ಎರಡು ಸುತ್ತು ಹಾಕಿತು. ಮೂರನೇ ಸುತ್ತಿನಲ್ಲಿ ಸುಟ್ಟ ವಾಸನೆ. ಸೀಟಿನ ಕೆಳಗಿಂದ ಹೊಗೆ. ಓಡಿಹೋಗಿ ಮಗುವನ್ನು ಎತ್ತಿಕೊಂಡೆ. ಆಫ್ ಮಾಡಲು ಸ್ವಿಚ್ ಒತ್ತಿದೆ. ಹೊಗೆ ನಿಲ್ಲಲಿಲ್ಲ! ಕೊನೆಗೆ ನಮ್ಮ ಬೈಂಡರ್ ಕತ್ತರಿ ತಂದು, ಹಿಡಿಗೆ ಬಟ್ಟೆ ಸುತ್ತಿಕೊಂಡು ತಂತಿಯನ್ನೇ ಕತ್ತರಿಸಿದರು. ಮಗಳಿಗೆ ಏನೂ ಆಗಲಿಲ್ಲ. ಆದರೆ ಸೀಟಿನ ಹಲಗೆಯ ಅಡಿ ಅಂಗೈಯಗಲ ಕಪ್ಪಾಗಿತ್ತು. ಆ ಹಲಗೆಯನ್ನು ಇವತ್ತಿಗೂ ಪ್ರೆಸ್ಸಿನ ಗೋಡೆಗೆ ತೂಗುಹಾಕಿದ್ದೇನೆ.

ಆಗಿದ್ದೇನು ಗೊತ್ತೇ? ವೈಪರ್ ಮೋಟಾರಿನ ಮೈಯೇ ಅದರ ಒಂದು ತಂತಿ. ಕಾರಿನಲ್ಲಿ ಹಾಗೆಯೇ ಇರುತ್ತದೆ, ಬ್ಯಾಟರಿಯ ಮೈನಸ್ಸಿಗೆ ಗಾಡಿಯ ಕಬ್ಬಿಣವೇ ದಾರಿ. ನಾನು ಆ ಮೋಟಾರನ್ನು ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಮಾಡಿದ್ದರಿಂದ ನನ್ನ ಇಡೀ ಚೌಕಟ್ಟು ಮೈನಸ್ ಆಗಿತ್ತು. ಪ್ಲಸ್ ತಂತಿ ಒಂದು ಕಡೆ ಬೋಲ್ಟಿನ ತಲೆಗೆ ಉಜ್ಜಿ ಉಜ್ಜಿ ಅದರ ಚರ್ಮ ಸುಲಿದುಹೋಯಿತು. ಪ್ಲಸ್ಸು ಮೈನಸ್ಸು ನೇರವಾಗಿ ಕೂಡಿದವು. ಉಜ್ಜಿದ ಜಾಗ ಸ್ವಿಚ್ಚಿಗಿಂತ ಮೊದಲೇ ಇತ್ತು. ಹಾಗಾಗಿ ಸ್ವಿಚ್ ಒತ್ತಿ ಏನು ಪ್ರಯೋಜನ?

ಬ್ಯಾಟರಿ ಎಂದರೆ ಒಂದು ತುಂಬಿದ ಕೆರೆ ಎಂದುಕೊಳ್ಳಿ. ವೋಲ್ಟ್ ಎಂದರೆ ನೀರಿನ ಒತ್ತಡ. ಆಂಪಿಯರ್ ಎಂದರೆ ಕಾಲುವೆಯಲ್ಲಿ ಹರಿಯುವ ನೀರಿನ ಪ್ರಮಾಣ. ಮೋಟಾರು ಗದ್ದೆ. ಗದ್ದೆಗೆ ಹೋಗುವ ತೂಬಿನಲ್ಲಿ ಮೂರು ನಾಲ್ಕು ಆಂಪಿಯರ್ ಹರಿದರೆ ಸಾಕು. ಆದರೆ ಏರಿ ಒಡೆದರೆ? ಆ ಸಣ್ಣ ಬ್ಯಾಟರಿಯೇ ಒಂದು ಗಳಿಗೆಗೆ ನೂರು ಆಂಪಿಯರ್ ಮೀರಿ ಹರಿಸಬಲ್ಲದು. ತೆಳ್ಳನೆಯ ತಂತಿ ಅದನ್ನು ತಾಳುತ್ತದೆಯೇ? ಕೆಂಪಗೆ ಕಾಯುತ್ತದೆ. ನೆನಪಿಡಿ, ಹನ್ನೆರಡು ವೋಲ್ಟ್ ಹೊಡೆಯುವುದಿಲ್ಲ, ಸುಡುತ್ತದೆ!

ಆ ಸಂಜೆ ಮನೆಯಲ್ಲಿ ನನ್ನ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಒಂದೇ ಒಂದು ಮಾತು ಕೇಳಿದಳು: "ಪ್ರೆಸ್ಸಲ್ಲೂ ಹೀಗೇ ಮಷೀನ್ ಓಡಿಸ್ತೀರಾ?"

ಟ್ರೆಡಲ್ ಮೇಸ್ತ್ರಿಯ ಬೆರಳು

ಆ ಪ್ರಶ್ನೆ ನನ್ನನ್ನು ಇಪ್ಪತ್ತೈದು ವರ್ಷ ಹಿಂದಕ್ಕೆ ಕರೆದೊಯ್ದಿತು. ನಾನು ಕೆಲಸ ಕಲಿತ ಪ್ರೆಸ್ಸಿನಲ್ಲಿ ಆಗಿನ್ನೂ ಟ್ರೆಡಲ್ ಮಷೀನಿತ್ತು. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ ಅಚ್ಚು ಹಾಕುವ ಕಾಲದ ಕೊನೆ ಅದು. ಮಷೀನಿನ ಬಾಯಿ ತೆರೆದಾಗ ಕೈಯಿಂದ ಕಾಗದ ಇಡಬೇಕು, ಮುಚ್ಚುವುದರೊಳಗೆ ಕೈ ತೆಗೆಯಬೇಕು. ನಮ್ಮ ಮೇಸ್ತ್ರಿಗೆ ಬಲಗೈಯ ಎರಡು ಬೆರಳು ಅರ್ಧರ್ಧ. ಮೊದಲ ದಿನವೇ ಆ ಕೈಯನ್ನು ನನ್ನ ಮುಖದ ಮುಂದೆ ಹಿಡಿದು ಹೇಳಿದರು: "ನೋಡೋ ಹುಡ್ಗ, ಓಡ್ಸೋದು ಕತ್ತೇನೂ ಕಲಿಯುತ್ತೆ. ಮೊದ್ಲು ನಿಲ್ಸೋದು ಕಲಿ." ಒಂದು ವಾರ ನನ್ನಿಂದ ಬೇರೇನೂ ಮಾಡಿಸಲಿಲ್ಲ. ಮಷೀನ್ ಓಡುತ್ತಿರುವಾಗ ಅವರು "ಹಾ!" ಅಂದ ತಕ್ಷಣ ನಾನು ಹಿಡಿ ಎಳೆದು ನಿಲ್ಲಿಸಬೇಕು. ಅಷ್ಟೇ ಪಾಠ.

ಈಗ ನನ್ನ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಮಷೀನಿದೆ. ಅದರ ಅಲಗು ಇಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡೂ ಕೈಯಲ್ಲಿ ಒಟ್ಟಿಗೆ ಒತ್ತಬೇಕು. ಎರಡೂ ಕೈ ಗುಂಡಿಯ ಮೇಲಿದ್ದರೆ ಅಲಗಿನ ಕೆಳಗೆ ಕೈ ಇರಲು ಸಾಧ್ಯವೇ ಇಲ್ಲ. ಎಂಥ ಉಪಾಯ ನೋಡಿ! ಕೆಲಸಗಾರ ಜಾಣನಾಗಿರಬೇಕು ಎಂದು ಅದು ನಂಬಿ ಕೂತಿಲ್ಲ. ಅವನು ಮೈಮರೆತರೂ ಬೆರಳು ಉಳಿಯಬೇಕು ಎಂದು ಮಾಡಿದ್ದು. ಇದನ್ನು ದಿನಾ ಒತ್ತುವ ನಾನು, ನನ್ನ ಮಗಳ ಸೀಟಿನ ಕೆಳಗೆ ಹತ್ತು ರೂಪಾಯಿಯ ಫ್ಯೂಸ್ ಹಾಕಲಿಲ್ಲ. ಇದಕ್ಕಿಂತ ನಾಚಿಕೆ ಬೇಕೇ?

ಮಾರನೆಯ ದಿನ ಆ ಚೌಕಟ್ಟನ್ನು ಗುಜರಿಗೆ ಹಾಕಿದೆ. ಎರಡನೆಯ ಕಾರಿಗೆ ನಿಲ್ಲಿಸುವುದರಿಂದಲೇ ಶುರುಮಾಡಿದೆ.

ಮೂರು ನಿಲುಗಡೆ

ನನ್ನ ಕಾರಿಗೆ ಮೂರು ನಿಲುಗಡೆ ಇವೆ. ಬರೆದುಕೊಳ್ಳುವವರು ಬರೆದುಕೊಳ್ಳಿ.

ಒಂದನೆಯದು ಮಗುವಿನ ಕಾಲು. ಪೆಡಲ್ ಒತ್ತಿದರೆ ಮಾತ್ರ ಓಟ, ಕಾಲು ತೆಗೆದರೆ ಸ್ಪ್ರಿಂಗು ಮೇಲೆತ್ತಿ ಕರೆಂಟು ಕಟ್. ಒಮ್ಮೆ ಒತ್ತಿಬಿಟ್ಟರೆ ಓಡುತ್ತಲೇ ಇರುವ ಸ್ವಿಚ್ಚನ್ನು ಮಾತ್ರ ಹಾಕಲೇಬೇಡಿ. ಮಗು ಹೆದರಿದರೆ ಕಾಲು ಹಿಂದಕ್ಕೆ ಎಳೆದುಕೊಳ್ಳುತ್ತದೆ, ಹೆದರಿಕೆಯೇ ಗಾಡಿಯನ್ನು ನಿಲ್ಲಿಸಬೇಕು. ಮೋಟಾರಿನ ಪೂರ್ತಿ ಕರೆಂಟು ಈ ಸಣ್ಣ ಪೆಡಲ್ ಸ್ವಿಚ್ಚಿನಲ್ಲಿ ಹರಿಯಬಾರದು, ಅದು ಸುಟ್ಟುಹೋಗುತ್ತದೆ. ಕಾರಿಗೆ ಹಾಕುವ 12 ವೋಲ್ಟಿನ, 30 ಆಂಪಿಯರಿನ ರಿಲೇ ತನ್ನಿ. ಪೆಡಲ್ ರಿಲೇಗೆ ಹೇಳುತ್ತದೆ, ರಿಲೇ ಮೋಟಾರಿಗೆ ಕರೆಂಟು ಬಿಡುತ್ತದೆ. ಯಜಮಾನ ಹೇಳುವುದು, ಮೇಸ್ತ್ರಿ ಮಾಡಿಸುವುದು, ಹಾಗೆ.

ಎರಡನೆಯದು ದೊಡ್ಡವರ ಕೈ. ರಿಲೇಯೊಳಗಿನ ಲೋಹದ ತುಟಿಗಳು ಕೆಲವೊಮ್ಮೆ ಬಿಸಿಗೆ ಅಂಟಿಕೊಂಡುಬಿಡುತ್ತವೆ. ಆಗ ಪೆಡಲ್ ಬಿಟ್ಟರೂ ಗಾಡಿ ನಿಲ್ಲುವುದಿಲ್ಲ. ಅದಕ್ಕಾಗಿ ಲಾರಿಗಳಿಗೆ ಹಾಕುವ ಬ್ಯಾಟರಿ ಕಟಾಫ್ ಸ್ವಿಚ್ಚನ್ನು ಜೆ.ಸಿ. ರಸ್ತೆಯಿಂದ ತಂದೆ. ಕೆಂಪು ತಿರುಗಣೆ, ಒಂದು ಸಲ ತಿರುಗಿಸಿದರೆ ಬ್ಯಾಟರಿಯ ಸಂಬಂಧವೇ ಕಡಿಯುತ್ತದೆ. ಅದನ್ನು ಸೀಟಿನ ಬೆನ್ನ ಹಿಂದೆ, ಪಕ್ಕದಲ್ಲಿ ನಡೆಯುವ ನನ್ನ ಕೈಗೆ ಸಿಗುವಂತೆ ಕೂರಿಸಿದ್ದೇನೆ.

ಮೂರನೆಯದು ಫ್ಯೂಸ್. ಇದಕ್ಕೆ ಯಾರ ಕಾಲೂ ಬೇಡ, ಯಾರ ಕೈಯೂ ಬೇಡ. ನೀವು ಟೀ ಕುಡಿಯಲು ಹೋಗಿದ್ದರೂ ಅದು ತನ್ನ ಪ್ರಾಣ ಕೊಟ್ಟು ಕೆಲಸ ಮಾಡುತ್ತದೆ. 15 ಆಂಪಿಯರಿನ ಕಾರ್ ಫ್ಯೂಸ್ ಸಾಕು. ಆದರೆ ಎಲ್ಲಿ ಹಾಕಬೇಕು? ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣಿನೊಳಗೆ. ಅಲ್ಲಿಂದ ದೂರ ಹಾಕಿದರೆ ಬ್ಯಾಟರಿಗೂ ಫ್ಯೂಸಿಗೂ ನಡುವೆ ಇರುವ ತಂತಿಗೆ ಕಾವಲೇ ಇಲ್ಲ. ತಂತಿ 2.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ಫ್ಯೂಸ್ ಕಾಯುವುದು ಮೋಟಾರನ್ನಲ್ಲ, ತಂತಿಯನ್ನು. ಆದ್ದರಿಂದ ತಂತಿ ಫ್ಯೂಸಿಗಿಂತ ಗಟ್ಟಿಯಾಗಿರಬೇಕು. ಪದೇ ಪದೇ ಫ್ಯೂಸ್ ಹೋದರೆ, ಗೆಳೆಯರೇ, ದೊಡ್ಡ ಫ್ಯೂಸ್ ಹಾಕಬೇಡಿ, ತಂತಿ ಸುತ್ತಬೇಡಿ. ಯಾಕೆ ಹೋಯಿತು ಎಂದು ಹುಡುಕಿ. ಹೇಳಲು ಬಂದವನ ಬಾಯಿ ಕಟ್ಟಿದರೆ ಸುದ್ದಿ ಸುಳ್ಳಾಗುತ್ತದೆಯೇ?

ಗಾಡಿ ಮಾಡುವ ಬಗೆ

ಈಗ ಗಾಡಿಗೆ ಬರೋಣ. ಚೌಕಟ್ಟಿಗೆ ಈ ಸಲ 18 ಮಿಲಿಮೀಟರ್ ಪ್ಲೈವುಡ್. ಮರ ಕರೆಂಟನ್ನು ಹಾಯಿಸುವುದಿಲ್ಲ, ಅದೇ ಒಂದು ದೊಡ್ಡ ಕಾವಲು. ಉದ್ದ 90 ಸೆಂಟಿಮೀಟರ್, ಅಗಲ 55. ಸೀಟು ನೆಲದಿಂದ ಒಂದು ಗೇಣು ಮಾತ್ರ ಎತ್ತರ. ಎರಡೂವರೆ ಕೆ.ಜಿ. ಹತ್ತಿರ ತೂಗುವ ಬ್ಯಾಟರಿ ತಳದಲ್ಲಿ, ನಡುವೆ, ಪಟ್ಟಿಯಿಂದ ಬಿಗಿದು ಕೂರಬೇಕು. ಭಾರ ತಗ್ಗಿನಲ್ಲಿದ್ದಷ್ಟೂ ಗಾಡಿ ಮಗುಚುವುದಿಲ್ಲ. ಮೈಗೆ ತೆಳು ಪ್ಲೈ, ಪ್ರೆಸ್ಸಿನಲ್ಲಿ ಉಳಿದ ಸನ್‌ಬೋರ್ಡು. ಎಲ್ಲ ಅಂಚುಗಳನ್ನೂ ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ. ನಮ್ಮ ಚನ್ನಪಟ್ಟಣದ ಬೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿ, ಎಲ್ಲಾದರೂ ಚುಚ್ಚುವ ಮೂಲೆ ಇದೆಯೇ? ಮಗುವಿನ ಕೈಗೆ ಕೊಡುವ ವಸ್ತು ಹಾಗಿರಬೇಕು.

ಮೋಟಾರಿಗೆ ಮತ್ತೆ ವೈಪರ್ ಮೋಟಾರನ್ನೇ ಆರಿಸಿದೆ. ಯಾಕೆಂದರೆ ಅದು ಹುಟ್ಟಿನಿಂದಲೇ ನಿಧಾನಿ, ಹುಟ್ಟಿನಿಂದಲೇ ಬಲಶಾಲಿ. ಒಳಗೆ ಸ್ಕ್ರೂವಿನಂಥ ಒಂದು ಗೇರಿದೆ, ಮೆಕ್ಯಾನಿಕ್ಕುಗಳು ವರ್ಮ್ ಗೇರ್ ಎನ್ನುತ್ತಾರೆ. ಅದರ ಗುಣ ಏನೆಂದರೆ, ಮೋಟಾರು ಚಕ್ರವನ್ನು ತಿರುಗಿಸಬಲ್ಲದು, ಚಕ್ರ ಮೋಟಾರನ್ನು ತಿರುಗಿಸಲಾರದು. ಕರೆಂಟು ಕಡಿದ ಕೂಡಲೇ ಗಾಡಿ ಅಲ್ಲೇ ನಿಲ್ಲುತ್ತದೆ. ಬೇರೆ ಬ್ರೇಕೇ ಬೇಡ. ನಿಲ್ಲಿಸುವುದನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಹುಟ್ಟಿದ ಮೋಟಾರು! ಆದರೆ ಅದಕ್ಕೊಂದು ಬೆಲೆಯೂ ಇದೆ. ಬ್ಯಾಟರಿ ಮುಗಿದರೆ ಗಾಡಿಯನ್ನು ತಳ್ಳಲಾಗುವುದಿಲ್ಲ. ಒಂದು ಸಲ ಪಾರ್ಕಿನಿಂದ ಮನೆಯವರೆಗೆ ನಾನು ಕಾರನ್ನು ತಲೆಯ ಮೇಲೆ ಹೊತ್ತುಕೊಂಡು ಬಂದಿದ್ದೇನೆ, ಮಗಳು ಹಿಂದೆ ಹಾರ್ನ್ ಹೊಡೆಯುತ್ತ ಬರುತ್ತಿದ್ದಳು!

ವೇಗದ ಲೆಕ್ಕ ಮಾಡೋಣ. ನನ್ನ ಮೋಟಾರು ನಿಧಾನದಲ್ಲಿ ನಿಮಿಷಕ್ಕೆ ಸುಮಾರು 45 ಸುತ್ತು, ಜೋರಿನಲ್ಲಿ 65. ಸೀಮೆಸುಣ್ಣದ ಗುರುತು ಹಾಕಿ ನಾನೇ ಎಣಿಸಿದ್ದು. ಚಕ್ರ ಹತ್ತು ಅಂಗುಲದ್ದು, ಒಂದು ಸುತ್ತಿಗೆ ಸುಮಾರು 80 ಸೆಂಟಿಮೀಟರ್ ಮುಂದೆ ಹೋಗುತ್ತದೆ. 45 ಸುತ್ತಿಗೆ 36 ಮೀಟರ್. ಗಂಟೆಗೆ ಎರಡು ಕಿಲೋಮೀಟರಿಗಿಂತ ತುಸು ಹೆಚ್ಚು. ಜೋರಿನಲ್ಲಿ ಮೂರು ಕಿಲೋಮೀಟರ್ ಚಿಲ್ಲರೆ. ಇದೇನು ಸ್ವಾಮಿ ಆಮೆ ನಡಿಗೆ ಎನ್ನುತ್ತೀರಾ? ದೊಡ್ಡವರು ನಡೆಯುವುದು ಗಂಟೆಗೆ ನಾಲ್ಕೈದು ಕಿಲೋಮೀಟರ್. ನಾನು ನಡೆದೇ ಹಿಡಿಯಬಲ್ಲ ಗಾಡಿಯಲ್ಲಿ ಮಾತ್ರ ನನ್ನ ಮಗಳು ಕೂರಬೇಕು. ನೆಲದಿಂದ ಗೇಣೆತ್ತರದಲ್ಲಿ ಕೂತ ನಾಲ್ಕು ವರ್ಷದ ಮಗುವಿಗೆ ಆ ಮೂರು ಕಿಲೋಮೀಟರೇ ವಿಮಾನ!

ಮೋಟಾರಿನಿಂದ ನಾಲ್ಕೈದು ತಂತಿ ಹೊರಬಂದಿರುತ್ತವೆ. ಒಂದು ನಿಧಾನಕ್ಕೆ, ಒಂದು ಜೋರಿಗೆ. ಉಳಿದವುಗಳಲ್ಲಿ ಕೆಲವು ವೈಪರ್ ತನ್ನ ಜಾಗಕ್ಕೆ ಬಂದು ನಿಲ್ಲುವುದಕ್ಕಾಗಿ ಇರುವಂಥವು. ಅವು ನಮಗೆ ಬೇಡ, ತುದಿಗೆ ಟೇಪು ಸುತ್ತಿ ಕಟ್ಟಿಡಿ. ಮಲ್ಟಿಮೀಟರ್ ಹಿಡಿದು ಮೋಟಾರಿನ ಮೈಗೂ ತಂತಿಗಳಿಗೂ ಸಂಬಂಧ ಇದೆಯೇ ಎಂದು ಮೊದಲು ನೋಡಿ. ನಾನು ಬಿದ್ದ ಹಳ್ಳ ಅದೇ. ಸಂಬಂಧ ಇದ್ದರೆ ಮೋಟಾರು, ಚೈನು, ಆಕ್ಸಲ್ ಎಲ್ಲವೂ ಆ ತಂತಿಯ ನೆಂಟರೇ. ಅದರಲ್ಲೂ ಹಿಂದಕ್ಕೆ ಓಡಿಸುವಾಗ ಆ ನೆಂಟರೆಲ್ಲ ಪ್ಲಸ್ ಆಗುತ್ತಾರೆ. ಬೇರೆ ಯಾವ ಬೆತ್ತಲೆ ತಂತಿಯೂ ಅವನ್ನು ಮುಟ್ಟಬಾರದು. ಮುಂದೆ-ಹಿಂದೆ ಮಾಡಲು ಆರು ಕಾಲಿನ ದಪ್ಪ ಟಾಗಲ್ ಸ್ವಿಚ್ ಸಿಗುತ್ತದೆ. ತುದಿಯ ಕಾಲುಗಳಿಗೆ ತಂತಿಯನ್ನು ಅಡ್ಡಡ್ಡ ಹಾಕಿದರೆ ಪ್ಲಸ್ಸು ಮೈನಸ್ಸು ಅದಲು ಬದಲು. ಹಿಂದಕ್ಕೆ ಹೋಗಲು ನಿಧಾನದ ತಂತಿಯನ್ನೇ ಬಳಸಿ. ಗಾಡಿ ನಿಂತ ಮೇಲೆಯೇ ಅದನ್ನು ಬದಲಿಸಬೇಕು, ಇಲ್ಲದಿದ್ದರೆ ಒಳಗಿನ ಗೇರಿನ ಹಲ್ಲು ಕಿತ್ತುಹೋಗುತ್ತದೆ.

ಮೋಟಾರಿಗೇ ನೇರವಾಗಿ ಚಕ್ರ ಸಿಕ್ಕಿಸಬೇಡಿ. ಮಗುವಿನ ಭಾರ ಮೋಟಾರಿನ ಕಡ್ಡಿಯ ಮೇಲೆ ಬಿದ್ದು ಬಾಗುತ್ತದೆ. 15 ಮಿಲಿಮೀಟರಿನ ಉಕ್ಕಿನ ಸಲಾಕೆಯನ್ನು ಆಕ್ಸಲ್ ಮಾಡಿ, ಎರಡು ಕಡೆ 6202 ನಂಬರಿನ ಬೇರಿಂಗಿನ ಮೇಲೆ ಕೂರಿಸಿ. ಮೋಟಾರಿನಿಂದ ಆಕ್ಸಲ್ಲಿಗೆ ಸೈಕಲ್ ಚೈನು, ಎರಡು ಕಡೆಯೂ ಒಂದೇ ಅಳತೆಯ ಹಲ್ಲುಚಕ್ರ. ಚೈನಿನ ಸುತ್ತ ತಗಡಿನದಲ್ಲ, ಪ್ಲಾಸ್ಟಿಕ್ಕಿನ ಪೂರ್ತಿ ಮುಚ್ಚಳ. ಪುಟ್ಟ ಬೆರಳು ಎಲ್ಲಿ ತೂರುತ್ತದೆ ಎಂದು ಹೇಳಲಾಗದು. ಹಿಂದಿನ ಎರಡು ಚಕ್ರಗಳಲ್ಲಿ ಒಂದನ್ನು ಮಾತ್ರ ಆಕ್ಸಲ್ಲಿಗೆ ಬಿಗಿಯಿರಿ, ಇನ್ನೊಂದು ತನ್ನಷ್ಟಕ್ಕೆ ತಿರುಗಲಿ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಹೋಗಬೇಕಲ್ಲ, ಎರಡನ್ನೂ ಬಿಗಿದರೆ ಒಂದು ಉಜ್ಜಿಕೊಂಡು ಹೋಗುತ್ತದೆ.

ಮುಂದಿನ ಚಕ್ರಗಳ ಲೆಕ್ಕವೂ ಹಾಗೆಯೇ. ತಿರುಗುವಾಗ ಒಳಗಿನ ಚಕ್ರ ಹೊರಗಿನದಕ್ಕಿಂತ ತುಸು ಹೆಚ್ಚು ವಾಲಬೇಕು. ಈ ಉಪಾಯಕ್ಕೆ ಇವತ್ತಿಗೂ ಆಕರ್ಮನ್ ಎಂದೇ ಹೆಸರು. ಕಂಡುಹಿಡಿದದ್ದು ಮ್ಯೂನಿಕ್ಕಿನ ಗಾಡಿ ಕಟ್ಟುವ ಲಾಂಕೆನ್‌ಸ್ಪೆರ್ಗರ್. 1818ರಲ್ಲಿ ಲಂಡನ್ನಿನಲ್ಲಿ ಅವನ ಪರವಾಗಿ ಪೇಟೆಂಟ್ ಮಾಡಿಸಿದವನು ರುಡಾಲ್ಫ್ ಆಕರ್ಮನ್. ಯಾರು ಗೊತ್ತೇ ಆತ? ಚಿತ್ರಗಳನ್ನು ಅಚ್ಚು ಹಾಕಿಸಿ ಮಾರುತ್ತಿದ್ದ ಪ್ರಕಾಶಕ, ನಮ್ಮ ಕಸುಬಿನವನು! ಓದಿದಾಗ ನನಗೆ ಎಷ್ಟು ಖುಷಿಯಾಯಿತೆಂದರೆ, ನಮ್ಮ ಬೈಂಡರಿಗೆ ಒಂದು ಟೀ ಹೆಚ್ಚು ಕೊಡಿಸಿದೆ.

ಸೀಸದ ನೆಂಟಸ್ತಿಕೆ

ಬ್ಯಾಟರಿಯ ಬಗ್ಗೆ ಎರಡು ಮಾತು. ಅದರ ಮೇಲೆ ಏಳು ಆಂಪಿಯರ್-ಗಂಟೆ ಎಂದಿದೆ, ನಾಲ್ಕು ಆಂಪಿಯರ್ ಎಳೆದರೆ ಒಂದೂಮುಕ್ಕಾಲು ಗಂಟೆ ಬರಬೇಕಲ್ಲ ಎಂದು ನೀವು ಲೆಕ್ಕ ಹಾಕುತ್ತೀರಿ. ಬರುವುದಿಲ್ಲ! ಆ ಏಳು ಎಂಬುದು ಇಪ್ಪತ್ತು ಗಂಟೆಯಲ್ಲಿ ನಿಧಾನವಾಗಿ ಖಾಲಿ ಮಾಡಿದಾಗಿನ ಲೆಕ್ಕ. ಆತುರವಾಗಿ ಎಳೆದರೆ ಕಡಿಮೆ ಕೊಡುತ್ತದೆ. ನಾನು ನಲವತ್ತು ನಿಮಿಷಕ್ಕೆ ನಿಲ್ಲಿಸುತ್ತೇನೆ. ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡದಿದ್ದರೆ ಬ್ಯಾಟರಿಗೆ ಆಯಸ್ಸು. ಆಡಿ ಮುಗಿದ ದಿನವೇ ಚಾರ್ಜಿಗೆ ಹಾಕಿ, ಖಾಲಿ ಬಿಟ್ಟರೆ ಒಳಗಿನ ತಗಡುಗಳ ಮೇಲೆ ಗಡುಸು ಪದರ ಕಟ್ಟಿ ಬ್ಯಾಟರಿ ಸಾಯುತ್ತದೆ. ಚಾರ್ಜರ್ ಸೀಲ್ಡ್ ಬ್ಯಾಟರಿಗೆಂದೇ ಮಾಡಿದ್ದಿರಲಿ, ಎರಡು ಆಂಪಿಯರ್ ಮೀರದಿರಲಿ. ಗಾಳಿಯಾಡುವ ಜಾಗದಲ್ಲಿ ಚಾರ್ಜ್ ಮಾಡಿ, ಆಗ ಮಗುವನ್ನು ಗಾಡಿಯಲ್ಲಿ ಕೂರಿಸಬೇಡಿ. ಹಗುರ ಎಂದು ಬಿಡಿ ಲಿಥಿಯಂ ಸೆಲ್ಲುಗಳನ್ನು ತಂದು ನೀವೇ ಬೆಸೆದು ಮಗುವಿನ ಸೀಟಿನ ಕೆಳಗಿಡುವ ಸಾಹಸವಂತೂ ಬೇಡವೇ ಬೇಡ.

ಬ್ಯಾಟರಿಯೊಳಗಿರುವುದು ಸೀಸ. ನಮ್ಮ ಹಳೆಯ ಅಚ್ಚಿನ ಮೊಳೆಗಳೂ ಸೀಸ, ತವರ, ಆಂಟಿಮನಿ ಬೆರೆಸಿ ಎರಕ ಹೊಯ್ದವು. ಅಕ್ಷರ ಕೊಟ್ಟ ಲೋಹವೇ, ಆದರೆ ವಿಷ. ಮೊಳೆ ಜೋಡಿಸಿದ ಕೈಯನ್ನು ತೊಳೆಯದೆ ಊಟಕ್ಕೆ ಕೂತರೆ ಮೇಸ್ತ್ರಿ ತಟ್ಟೆಯನ್ನೇ ಎಳೆದುಬಿಡುತ್ತಿದ್ದರು. ಸತ್ತ ಬ್ಯಾಟರಿಯನ್ನು ಒಡೆಯಬೇಡಿ, ಕಸಕ್ಕೆ ಎಸೆಯಬೇಡಿ. ಹೊಸದು ಕೊಳ್ಳುವಾಗ ಅಂಗಡಿಗೆ ಹಿಂತಿರುಗಿಸಿ.

ಎಲ್ಲ ಸೇರಿ ಖರ್ಚೆಷ್ಟು? ಮೋಟಾರು 600, ಬ್ಯಾಟರಿ 900, ನಾಲ್ಕು ಚಕ್ರ 800, ಸಲಾಕೆ ಬೇರಿಂಗು ಚೈನು 600, ಸ್ವಿಚ್ಚು ರಿಲೇ ಫ್ಯೂಸು ತಂತಿ 700, ಚಾರ್ಜರ್ 600, ಲೇತ್ ಕೆಲಸಕ್ಕೆ 500. ಒಟ್ಟು 4,700 ರೂಪಾಯಿ. ಪ್ಲೈವುಡ್ಡು ಪ್ರೆಸ್ಸಿನಲ್ಲೇ ಇತ್ತು. ಸುಟ್ಟ ಮೊದಲ ಕಾರಿನ ಖರ್ಚು ಸೇರಿಸಿಲ್ಲ. ಅದು ಪಾಠದ ಫೀಸು!

ಬೈಂಡರ್ ಹುಡುಗನ ಕಥೆ

"ನೀವು ಪಿಯುಸಿ, ಇದೆಲ್ಲ ಹೇಗೆ ಕಲಿತಿರಿ?" ಎಂದು ಒಬ್ಬ ಇಂಜಿನಿಯರಿಂಗ್ ಓದುವ ತಮ್ಮ ಕೇಳಿದ. ಅವನಿಗೆ ಒಂದು ಕಥೆ ಹೇಳಿದೆ. 1805ರಲ್ಲಿ ಲಂಡನ್ನಿನಲ್ಲಿ ಕಮ್ಮಾರನೊಬ್ಬನ ಮಗ, ಹದಿನಾಲ್ಕು ವರ್ಷದ ಹುಡುಗ, ಪುಸ್ತಕ ಬೈಂಡಿಂಗ್ ಅಂಗಡಿಗೆ ಕೆಲಸಕ್ಕೆ ಸೇರಿದ. ಏಳು ವರ್ಷ ಹೊಲಿದ, ಅಂಟು ಹಚ್ಚಿದ, ಹಾಗೆಯೇ ಕೈಗೆ ಬಂದ ಪುಸ್ತಕಗಳನ್ನು ಓದಿದ. ಅವುಗಳಲ್ಲಿ ಜೇನ್ ಮಾರ್ಸೆಟ್ ಎಂಬ ಹೆಣ್ಣುಮಗಳು ರಸಾಯನಶಾಸ್ತ್ರವನ್ನು ಮನೆಮಾತಿನ ಸಂಭಾಷಣೆಯಂತೆ ಬರೆದ ಪುಸ್ತಕವೂ ಒಂದು. ಆ ಬೈಂಡರ್ ಹುಡುಗನೇ ಮೈಕೆಲ್ ಫ್ಯಾರಡೆ. 1821ರಲ್ಲಿ ಆಯಸ್ಕಾಂತದ ಸುತ್ತ ಕರೆಂಟು ಹರಿಯುವ ತಂತಿಯನ್ನು ಮೊಟ್ಟಮೊದಲು ತಿರುಗಿಸಿ ತೋರಿಸಿದ. ಲೋಕದ ಎಲ್ಲ ಮೋಟಾರುಗಳ ಅಜ್ಜ ಅದು. ನನ್ನ ಮಗಳ ಕಾರಿನೊಳಗಿರುವುದು ಅದರ ಮರಿಮೊಮ್ಮಗ!

ಕಾಲೇಜಿನ ಮೆಟ್ಟಿಲು ಹತ್ತದ ಹುಡುಗನಿಗೆ, ಅವನಿಗೆ ತಿಳಿಯುವ ಮಾತಿನಲ್ಲಿ ಒಬ್ಬರು ಬರೆದಿಟ್ಟರು, ಅವನು ಹಿಡಿದುಕೊಂಡ. ಕೆರೆ, ತೂಬು, ಏರಿ ಎಂದು ನಾನು ಇವತ್ತು ಹೇಳಿದ್ದು ನಿಮ್ಮಲ್ಲಿ ಯಾರಿಗಾದರೂ ಅರ್ಥವಾಗಲಿಲ್ಲವೇ? ಆಯಿತಲ್ಲ! ಹಾಗಾದರೆ ನಿಮಗೆ ಗೊತ್ತಿರುವುದನ್ನು ನೀವೂ ಹೀಗೆ ಇನ್ನೊಬ್ಬರಿಗೆ ಹೇಳಿ. ಗ್ಯಾರೇಜಿನ ಹುಡುಗನಿಗೆ ಹೇಳಿ, ಅಡುಗೆಮನೆಯಲ್ಲಿರುವ ಅಮ್ಮನಿಗೆ ಹೇಳಿ. ನನ್ನ ಕಾರಿನ ಸ್ವಿಚ್ಚುಗಳಿಗೆ ನಾನೇ ಕನ್ನಡದಲ್ಲಿ ಚೀಟಿ ಅಚ್ಚು ಹಾಕಿ ಅಂಟಿಸಿದೆ: ಮುಂದೆ, ಹಿಂದೆ, ನಿಲ್ಲು. ನನ್ನ ಮಗಳು ಮೊದಲು ಓದಲು ಕಲಿತ ಪದ ಯಾವುದು ಗೊತ್ತೇ? 'ನಿಲ್ಲು.'

ಮತ್ತೆ ಕೂತಳೇ?

ಎರಡನೇ ಕಾರು ಮುಗಿಯಿತು. ಮಗಳು ಕೂರಲಿಲ್ಲ. "ಹೊಗೆ ಬರುತ್ತೆ" ಎಂದಳು. ಸಿಹಿ ಕೊಟ್ಟೆ, ಪುಸಲಾಯಿಸಿದೆ, ಇಲ್ಲ. ನಾಲ್ಕು ವರ್ಷದ ಮಗುವಿಗೂ ನನ್ನ ಮೇಲೆ ನಂಬಿಕೆ ಹೋಗಿತ್ತು, ಗೆಳೆಯರೇ. ನಾನೇ ಕಳೆದುಕೊಂಡ ನಂಬಿಕೆ ಅದು, ಸಿಹಿ ಕೊಟ್ಟು ಮತ್ತೆ ಸಂಪಾದಿಸುವುದಕ್ಕಾಗುತ್ತದೆಯೇ?

ಕೊನೆಗೆ ಮೇಸ್ತ್ರಿಯ ಪಾಠವನ್ನೇ ನೆನೆಸಿಕೊಂಡೆ. ಸೀಟಿನ ಮೇಲೆ ಅವಳ ಬೊಂಬೆ ಕೂರಿಸಿದೆ, ಪೆಡಲಿನ ಮೇಲೆ ಒಂದು ಇಟ್ಟಿಗೆ ಇಟ್ಟೆ. "ಪುಟ್ಟೀ, ಬೊಂಬೆ ಕಾರು ಓಡಿಸ್ತಾಳೆ. ನಾನು ಹಾ ಅಂದಾಗ ನೀನು ಈ ಕೆಂಪು ತಿರುಗಣೆ ತಿರುಗಿಸಿ ನಿಲ್ಲಿಸಬೇಕು" ಎಂದೆ. ಕಾರು ಹೊರಟಿತು. ಅವಳು ಪಕ್ಕದಲ್ಲೇ ಹೆಜ್ಜೆ ಹಾಕಿದಳು. "ಹಾ!" ಅಂದೆ. ಎರಡೂ ಕೈಯಲ್ಲಿ ಹಿಡಿದು ತಿರುಗಿಸಿದಳು. ಕಾರು ನಿಂತಿತು. "ಮತ್ತೆ!" ಎಂದಳು. ಆ ಸಂಜೆ ಎಷ್ಟು ಸಲ ನಿಲ್ಲಿಸಿದಳೋ ಲೆಕ್ಕವಿಲ್ಲ. ಮೂರನೆಯ ದಿನ ಬೊಂಬೆಯನ್ನು ಪಕ್ಕಕ್ಕಿಟ್ಟು ತಾನೇ ಹತ್ತಿ ಕೂತಳು. ನನಗೆ ಹೇಳಿದಳು, "ಅಪ್ಪ, ನೀನು ಕೆಂಪುದು ಹಿಡ್ಕೊಂಡಿರು."

ಇವತ್ತಿಗೂ ನಾನು ಹಿಡಿದುಕೊಂಡೇ ನಡೆಯುತ್ತೇನೆ. ರಸ್ತೆಗೆ ಇಳಿಸುವುದಿಲ್ಲ, ಇಳಿಜಾರಿಗೆ ಹೋಗುವುದಿಲ್ಲ, ಒದ್ದೆ ನೆಲದಲ್ಲಿ ಓಡಿಸುವುದಿಲ್ಲ. ಅಂಗಳ, ಇಲ್ಲವೇ ಪಾರ್ಕಿನ ಸಿಮೆಂಟು ದಾರಿ.

ತಮ್ಮಂದಿರೇ, ತಂಗಿಯರೇ, ಅಂಗಡಿಯಿಂದ ತಂದ ವಸ್ತುವಿನ ಮೇಲೆ ಮಗು ಒಂದು ವಾರ ಆಡುತ್ತದೆ. ತಂದೆ, ಚಿಕ್ಕಪ್ಪ, ಸೋದರಮಾವ ಮಾಡಿಕೊಟ್ಟ ವಸ್ತುವನ್ನು ಮಗು ಬಿಚ್ಚಿ ನೋಡುತ್ತದೆ, ಇದು ಯಾಕೆ, ಅದು ಯಾಕೆ ಎಂದು ಕೇಳುತ್ತದೆ. ಆ ಪ್ರಶ್ನೆಗಾಗಿ ಮಾಡಿ. ನಿಮ್ಮ ಅಕ್ಕನ ಮಗುವಿಗೆ ಮಾಡಿ, ಅಣ್ಣನ ಮಗುವಿಗೆ ಮಾಡಿ. ಕೈ ಕೆಸರಾದರೆ ಬಾಯಿ ಮೊಸರು ಎಂದರು ಹಿರಿಯರು. ಕೈಗೆ ಗ್ರೀಸ್ ಆಗಲಿ, ಏನೂ ನಷ್ಟವಿಲ್ಲ. ಆದರೆ ಬ್ಯಾಟರಿಗೆ ತಂತಿ ಸಿಕ್ಕಿಸುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದನ್ನು ನಿಲ್ಲಿಸುವುದು ಹೇಗೆ? ಉತ್ತರ ಇದ್ದರೆ ಓಡಿಸಿ. ಇಲ್ಲದಿದ್ದರೆ ಕೈ ಕಟ್ಟಿಕೊಂಡು ಕೂತು ಯೋಚಿಸಿ.

ನೋಡಬೇಕೆನ್ನುವವರು ಭಾನುವಾರ ನಮ್ಮ ಪ್ರೆಸ್ಸಿಗೆ ಬನ್ನಿ. ಮೊದಲು ಗೋಡೆಯ ಮೇಲಿನ ಆ ಕಪ್ಪು ಹಲಗೆ ತೋರಿಸುತ್ತೇನೆ. ಕಾರು ಆಮೇಲೆ.